ಹನ್ನೊಂದನೇ ಮಂಚದ ಉಸಿರು

ನಾನು ಶಾಲೆ ಬಿಟ್ಟದ್ದು 1948ರಲ್ಲಿ, ಏಳನೇ ಕ್ಲಾಸಿನ ನಡುವೆ. ಕುಂಬಳೆಯ ಹತ್ತಿರ ನಮ್ಮ ಊರು. ಅಪ್ಪನ ಬಲಗೈ ಸೋತುಹೋಗಿತ್ತು, ಮನೆಯಲ್ಲಿ ದುಡಿಯಬಲ್ಲ ಗಂಡು ಎಂದರೆ ನಾನೊಬ್ಬನೇ. ಮಾಸ್ತರರು ಎರಡು ಸಲ ಮನೆಗೆ ಬಂದು ಹೇಳಿ ನೋಡಿದರು. ಮೂರನೆಯ ಸಲ ಬರಲಿಲ್ಲ. ಅದಕ್ಕಾಗಿ ನನಗೆ ಇವತ್ತಿಗೂ ಬೇಸರವಿಲ್ಲ. ಕನ್ನಡ ಓದಿ ಬರೆಯಲು ಬರುತ್ತದೆ, ಮಲಯಾಳ ಓದಲು ಬರುತ್ತದೆ. ಒಂದು ಹಿಡಿ ಕಾಳುಮೆಣಸು ಅಂಗೈಗೆ ಹಾಕಿಕೊಟ್ಟರೆ ಅದು ಯಾವ ಕಡೆಯದ್ದು, ಎಷ್ಟು ಒಣಗಿದೆ, ಎಷ್ಟು ಜೊಳ್ಳಿದೆ ಎಂದು ಹೇಳಲು ಬರುತ್ತದೆ. ಇಷ್ಟೇ ವಿದ್ಯೆಯಲ್ಲಿ ನಾನು ಮಟ್ಟಾಂಚೇರಿಯ ಒಂದು ಮೆಣಸಿನ ಗೋದಾಮಿನಲ್ಲಿ ಮೂವತ್ತು ಜನರ ಮೇಸ್ತ್ರಿಯಾದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಕಾಯಿಲೆಯ ಕತೆಯಲ್ಲಿ ಅರ್ಧ ಪಾಲು ಈ ಹೆಮ್ಮೆಯದ್ದೇ.

ಗೋದಾಮಿನ ಕೆಲಸ ಕಾಣದವರಿಗಾಗಿ ಸ್ವಲ್ಪ ಹೇಳಬೇಕು. ದೋಣಿಯಲ್ಲಿ ಬಂದ ಮೂಟೆಯ ಹೊಲಿಗೆ ಬಿಚ್ಚಿ ನೆಲದ ರಾಶಿಗೆ ಸುರಿಯುತ್ತೇವೆ. ಆಮೇಲೆ ಜರಡಿ, ಮೊರ, ಆರಿಸುವುದು, ಮತ್ತೆ ಗೋಣಿಗೆ ತುಂಬಿ ಹೊಲಿಯುವುದು. ಸುರಿಯುವಾಗ ಏಳುವ ಧೂಳು ಹಿಟ್ಟಿನಷ್ಟು ನಯ, ಮೂಗಿಗೆ ಹೋದರೆ ಬೆಂಕಿ. ಅದಕ್ಕೆ ನಮ್ಮಲ್ಲೊಂದು ಕಟ್ಟಳೆ ಇತ್ತು. ರಾಶಿಯ ಮೇಲೆ ನಿಂತವನು ಎರಡು ಸಲ ಚಪ್ಪಾಳೆ ತಟ್ಟುತ್ತಾನೆ. ಕೂಡಲೇ ಒಳಗಿದ್ದವರೆಲ್ಲ ಉಸಿರು ಹಿಡಿಯಬೇಕು. ಮಾಡಿನ ಗಾಜಿನ ಹಂಚಿನಿಂದ ಒಂದು ಬಿಸಿಲಕೋಲು ಇಳಿಯುತ್ತದೆ. ಅದರೊಳಗೆ ಧೂಳು ಕುಣಿಯುವುದು ಕಡಿಮೆಯಾಗುವವರೆಗೆ ಉಸಿರು ಬಿಡಬಾರದು. ಯಾರು ಮೊದಲು ಬಿಟ್ಟನೋ ಅವನಿಗೆ ಇಡೀ ದಿನ ಗೇಲಿ. ಯಾರು ಕೊನೆಗೆ ಬಿಟ್ಟನೋ ಅವನೇ ಗಂಡು. ನಾನು ಕೊಚ್ಚಿಗೆ ಬಂದದ್ದು 1953ರಲ್ಲಿ, ಹದಿನೆಂಟರ ಪ್ರಾಯದಲ್ಲಿ. ಭಾಷೆ ಬಾರದು, ಗುರುತಿನವರಿಲ್ಲ. ಬಂದ ಎರಡನೇ ವಾರ ಮೂರು ಮೂಟೆ ಒಂದರ ಹಿಂದೊಂದು ಸುರಿಯುವವರೆಗೆ ಉಸಿರು ಹಿಡಿದು ನಿಂತೆ. ಅವತ್ತಿನಿಂದ ಅವರು ನನ್ನನ್ನು ಹೆಸರು ಹಿಡಿದು ಕರೆಯಲು ಶುರುಮಾಡಿದರು. ಹತ್ತು ವರ್ಷ ಕಳೆಯುವುದರೊಳಗೆ ಮೇಸ್ತ್ರಿ ಎಂದು ಕರೆದರು. ಮೇಸ್ತ್ರಿಯಾದ ಮೇಲಂತೂ ನನಗಿಂತ ಕೊನೆಗೆ ಉಸಿರು ಬಿಡುವವನು ಇರಕೂಡದು ಎಂದು ನಾನೇ ಮನಸ್ಸಿನಲ್ಲಿ ಕಾನೂನು ಮಾಡಿಕೊಂಡೆ.

1966ರ ಮಳೆಗಾಲ ಮುಗಿಯುವ ಹೊತ್ತಿಗೆ ಎದೆಯಲ್ಲಿ ಸದ್ದು ಶುರುವಾಯಿತು. ದೋಣಿಕಟ್ಟೆಯ ಮೆಟ್ಟಿಲು ಹತ್ತಿದರೆ ಒಳಗೆ ಬೆಕ್ಕಿನ ಮರಿ ಕೂತು ಕೂಗಿದ ಹಾಗೆ. ಶೀತ ಎಂದೆ. ಮುಂದಿನ ವರ್ಷವೂ ಶೀತ ಎಂದೆ. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ, ಗೋಡೆಗೆ ಒರಗಿ, ಮಡಿಲಲ್ಲಿ ತಲೆದಿಂಬು ಇಟ್ಟುಕೊಂಡು ನಿದ್ದೆ ಮಾಡುತ್ತಿದ್ದೆ. ಸೆಕೆ ಎಂದು ಹೆಂಡತಿಗೆ ಸುಳ್ಳು ಹೇಳುತ್ತಿದ್ದೆ. ಆ ದಿನಗಳಲ್ಲಿ ನನ್ನಿಂದ ಒಂದು ಕಡೆ ನಿಲ್ಲಲು ಆಗುತ್ತಿರಲಿಲ್ಲ. ಕೂತರೆ ಏಳಬೇಕು, ಎದ್ದರೆ ಹೊರಗೆ ಹೋಗಬೇಕು, ಹೋದರೆ ದೋಣಿಕಟ್ಟೆಯವರೆಗೆ, ಅಲ್ಲಿ ಮುಟ್ಟಿದರೆ ವಾಪಸು. ಉಸಿರಿಗಾಗಿ ಓಡಾಡುತ್ತಿದ್ದೇನೆ ಎಂದು ನನಗೆ ತಿಳಿಯುತ್ತಿರಲಿಲ್ಲ. ಕೆಲಸದ ಗಡಿಬಿಡಿ ಎಂದುಕೊಂಡಿದ್ದೆ.

ಗುಟ್ಟು ಒಡೆದದ್ದು ಸಿಗರೇಟಿನಿಂದ. ಬಜಾರಿನ ಔಷಧಿ ಅಂಗಡಿಯವನು ಉಬ್ಬಸದ ದಮ್ಮಿಗೆ ಎಂದು ಒಂದು ಜಾತಿಯ ಮದ್ದಿನ ಸಿಗರೇಟು ಕೊಟ್ಟಿದ್ದ, ಎಲೆಮದ್ದಿನ ಪುಡಿ ತುಂಬಿದ್ದು. ಅಂಗಿ ಒಗೆಯಲು ತೆಗೆದ ನನ್ನ ಹೆಂಡತಿ ಸುಮತಿಗೆ ಅದು ಜೇಬಿನಲ್ಲಿ ಸಿಕ್ಕಿತು. ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಳು.

"ಈ ಪ್ರಾಯದಲ್ಲಿ ಎಂತ ಕಲ್ತದ್ದು ನೀವು?"

ಮದ್ದು ಎಂದೆ. ಅವಳು ನಂಬಲಿಲ್ಲ. ಮದ್ದಾದರೆ ಯಾವ ರೋಗಕ್ಕೆ ಎಂದು ಕೇಳಿದಳು. ರೋಗದ ಹೆಸರು ಹೇಳುವುದಕ್ಕಿಂತ ಸಿಗರೇಟು ಸೇದುತ್ತೇನೆ ಎಂದು ಒಪ್ಪಿಕೊಳ್ಳುವುದೇ ವಾಸಿ ಅನ್ನಿಸಿತು. ಒಪ್ಪಿಕೊಂಡೆ. ಅವಳು ಎರಡು ದಿನ ನನ್ನ ಜತೆ ಮಾತಾಡಲಿಲ್ಲ. ಮೂರನೆಯ ದಿನ ನನ್ನ ಎದೆಯ ಸಿಳ್ಳು ಕೇಳುತ್ತ ಕೂತವಳು, ಬೀಡಿ ಸಿಗರೇಟು ಸೇದುವವರು ಎಷ್ಟು ಜನರನ್ನು ಕಂಡಿದ್ದೇನೆ, ಈ ಸದ್ದು ಯಾರಲ್ಲೂ ಕೇಳಿಲ್ಲ, ನಾಳೆ ಆಸ್ಪತ್ರೆಗೆ ಹೊರಡಿ ಎಂದಳು.

ಎರ್ನಾಕುಲಂನ ದೊಡ್ಡ ಆಸ್ಪತ್ರೆಗೆ ದೋಣಿಯಲ್ಲಿ ಹೋದೆವು. ಅದು 1968. ಎದೆಯ ಫೋಟೋ ತೆಗೆದರು, ಕಫ ತೆಗೆದುಕೊಂಡರು, ಎರಡು ದಿನ ಬಿಟ್ಟು ಬರಲು ಹೇಳಿದರು. ಆ ಎರಡು ದಿನ ಹೇಗೆ ಕಳೆಯಿತೆಂದು ದಮ್ಮು ಇರುವವರಿಗೆ ಹೇಳಬೇಕಾಗಿಲ್ಲ. ನಮ್ಮ ಕಾಲದಲ್ಲಿ ಎದೆಯ ಫೋಟೋ ಎಂದರೆ ಕ್ಷಯ ಎಂದೇ ಅರ್ಥ. ನನ್ನ ಚಿಂತೆ ಸಾವಿನದ್ದಾಗಿರಲಿಲ್ಲ. ಕ್ಷಯದವನೆಂದು ತಿಳಿದರೆ ಗೋದಾಮಿನ ಬಾಗಿಲು ದಾಟಲು ಬಿಡುತ್ತಾರೆಯೇ? ಆ ಬಾಗಿಲ ಒಳಗೆ ನಾನು ಮೇಸ್ತ್ರಿ. ಹೊರಗೆ ಏಳನೇ ಕ್ಲಾಸು ಪೂರೈಸದ, ಊರು ಬಿಟ್ಟು ಬಂದ ಒಬ್ಬ ಮನುಷ್ಯ.

ಫಲ ತಿಳಿಯುವ ದಿನ ಕಾಯುವ ವರಾಂಡದಲ್ಲಿ ಉದ್ದನೆಯ ಎರಡು ಬೆಂಚು. ನಾನು ಕೂರಲಿಲ್ಲ. ಬೆಂಚಿನಲ್ಲಿ ಕೂತವರೆಲ್ಲ ರೋಗಿಗಳು, ನಿಂತವನು ರೋಗಿಯ ಜತೆ ಬಂದವನು ಎಂದು ಕಾಣಲಿ ಎಂಬುದು ನನ್ನ ಉಪಾಯ. ಸುಮತಿ ಕೂತಿದ್ದಳು, ಹಾಗಾಗಿ ನೋಡುವವರು ಅವಳನ್ನೇ ರೋಗಿ ಎಂದುಕೊಂಡಿರಬೇಕು. ಎರಡು ಗಂಟೆ ನಿಂತೆ. ತುದಿಯಲ್ಲಿ ಕೂತಿದ್ದ ಮುದುಕನೊಬ್ಬ ಜರುಗಿ ಜಾಗ ಮಾಡಿ, ಮಲಯಾಳದಲ್ಲಿ ಹೇಳಿದ: "ಕೂತ್ಕೊಳ್ಳಪ್ಪ. ನಿಂತವರಿಗೆ ಇಲ್ಲಿ ಮಾರ್ಕು ಜಾಸ್ತಿ ಕೊಡುವುದಿಲ್ಲ."

ಡಾಕ್ಟರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಕ್ಷಯ ಅಲ್ಲ ಎಂದರು. ಸುಮತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಅವರು ಇದು ದಮ್ಮು, ಧೂಳಿನಿಂದ ಹೆಚ್ಚಾಗಿದೆ, ಪೂರ್ತಿ ಹೋಗುತ್ತದೆಂದು ನಾನು ಹೇಳುವುದಿಲ್ಲ, ಗೋದಾಮು ಬಿಟ್ಟರೆ ಒಳ್ಳೆಯದು ಎಂದರು. ಮೊದಲನೇ ಮಾತು ಮಾತ್ರ ನಾನು ಕಿವಿಗೆ ಹಾಕಿಕೊಂಡೆ.

ಮೂರು ವರ್ಷ ಗುಳಿಗೆಯಲ್ಲಿ ನಡೆಯಿತು. ಗುಳಿಗೆ ನುಂಗಿದರೆ ಎದೆ ಬಿಡುತ್ತದೆ, ಕೈ ನಡುಗುತ್ತದೆ. ಗೋಣಿ ಹೊಲಿಯುವ ದಬ್ಬಣ ನನ್ನ ಹೆಬ್ಬೆರಳಿಗೇ ಚುಚ್ಚಿಕೊಳ್ಳುತ್ತಿತ್ತು. ಗುಂಡಿಗೆ ಓಡುತ್ತದೆ, ನಿದ್ದೆ ಬರುವುದಿಲ್ಲ, ಮೊದಲೇ ನಿಲ್ಲಲಾರದ ನನಗೆ ಈಗ ಕಾಲಿಗೆ ಚಕ್ರ ಕಟ್ಟಿದ ಹಾಗೆ. ಜೋರಾಗಿ ಬಂದ ದಿನ ಇಂಜೆಕ್ಷನ್. ಇಷ್ಟೆಲ್ಲ ಆದರೂ ಗೋದಾಮಿನಲ್ಲಿ ಚಪ್ಪಾಳೆ ತಟ್ಟಿದರೆ ನಾನು ಉಸಿರು ಹಿಡಿಯುತ್ತಿದ್ದೆ, ಎಲ್ಲರಿಗಿಂತ ಕೊನೆಗೆ ಬಿಡುತ್ತಿದ್ದೆ. ನನ್ನ ಕೆಳಗಿನ ಹಿರಿಯ ಆಳು ಔಸೇಪನಿಗೆ ಮಾತ್ರ ಅನುಮಾನ ಬಂದಿತ್ತು. ಅವನ ಹೆಂಡತಿ ರೋಸಾ ನಮ್ಮ ಮನೆಗೆ ಮೀನು ಕೊಡಲು ಬರುವವಳು, ಸುಮತಿಯಿಂದ ವಿಷಯ ತಿಳಿದುಕೊಂಡು ವಲ್ಲಾರ್ಪಾಡಂಗೆ ದೋಣಿ ಹತ್ತಿ ಹೋಗಿ, ಅಲ್ಲಿನ ಇಗರ್ಜಿಯ ಅಂಗಳವನ್ನು ನನ್ನ ಹೆಸರಲ್ಲಿ ಹರಕೆಯಾಗಿ ಗುಡಿಸಿ ಬಂದಳಂತೆ. ನನಗೆ ಇದು ತಿಳಿದದ್ದು ಎಷ್ಟೋ ಕಾಲದ ಮೇಲೆ. ಆಗಲೇ ತಿಳಿದಿದ್ದರೆ ಸಿಟ್ಟು ಮಾಡುತ್ತಿದ್ದೆ.

1971ರ ಜನವರಿ ಕೊನೆ, ಹೊಸ ಮೆಣಸು ಬರುವ ಕಾಲ. ದಿನಕ್ಕೆ ಇನ್ನೂರು ಮೂಟೆ ಬಿಚ್ಚುತ್ತಿದ್ದೆವು. ಒಂದು ಬೆಳಿಗ್ಗೆ ಚಪ್ಪಾಳೆ ಬಿತ್ತು, ಹಿಡಿದೆ. ಬಿಸಿಲಕೋಲಿನಲ್ಲಿ ಧೂಳು ತಿಳಿಯಾಯಿತು, ಎಲ್ಲರೂ ಬಿಟ್ಟರು, ನಾನೂ ಬಿಡಲು ಹೋದೆ. ಬರಲಿಲ್ಲ. ಒಳಗೆ ತುಂಬಿದ್ದು ಹೊರಗೆ ಹೋಗಲೊಲ್ಲದು, ಹೊರಗಿನದ್ದು ಒಳಗೆ ಬರಲೊಲ್ಲದು. ಮೆಣಸಿನ ರಾಶಿಯ ಮೇಲೆಯೇ ಮುಗ್ಗರಿಸಿ ಬಿದ್ದೆನಂತೆ. ಔಸೇಪ ನನ್ನನ್ನು ಮೂಟೆ ಹೊತ್ತ ಹಾಗೆ ಹೆಗಲ ಮೇಲೆ ಹಾಕಿಕೊಂಡು ಹೊರಗೆ ತಂದ. ಮೂವತ್ತು ಜನ ನೋಡಿದರು. ಇಂಜೆಕ್ಷನ್ ಆಗಿ ಕಣ್ಣು ಬಿಟ್ಟಾಗ ಮಾಲಿಕರು, ಅವರು ಗುಜರಾತಿನವರು, ಒಳ್ಳೆಯ ಮನುಷ್ಯರು, ನನ್ನ ಭುಜ ಮುಟ್ಟಿ ಎರಡು ತಿಂಗಳು ರಜೆ ಮಾಡು, ಆಮೇಲೆ ನೋಡೋಣ ಎಂದರು. ಆ 'ನೋಡೋಣ' ನನ್ನ ಎದೆಯಲ್ಲಿ ದಮ್ಮಿಗಿಂತ ಗಟ್ಟಿಯಾಗಿ ಕೂತಿತು. ಎರಡು ತಿಂಗಳಲ್ಲಿ ಆ ರಾಶಿಯ ಎದುರು ನಿಲ್ಲಬಲ್ಲವನಾಗದಿದ್ದರೆ ನಾನು ಮೇಸ್ತ್ರಿಯಲ್ಲ.

ಸುಮತಿ ನನಗೆ ಹೇಳದೆ ತನ್ನ ತಮ್ಮ ವಾಸುದೇವನಿಗೆ ಕಾಗದ ಬರೆದಳು. ಅವನು ಕೇಂದ್ರ ಸರಕಾರದ ಒಂದು ಆಫೀಸಿನಲ್ಲಿ ಗುಮಾಸ್ತ, ವರ್ಗವಾಗಿ ತಿರುವನಂತಪುರಕ್ಕೆ ಬಂದು ಸಂಸಾರ ಹೂಡಿದ್ದ. ಅವನ ಆಫೀಸಿನ ಹಿರಿಯರೊಬ್ಬರಿಗೆ ದಮ್ಮಿತ್ತಂತೆ, ಚಾಲ ಬಜಾರಿನ ಹತ್ತಿರ ಒಬ್ಬ ಆಶಾನ್ ಉಸಿರಿನ ಕಸರತ್ತು ಕಲಿಸುತ್ತಾರೆ, ಅವರಿಗೆ ಗುಣ ಕಂಡಿದೆ, ಭಾವನನ್ನು ಕಳಿಸಿ ಎಂದು ಉತ್ತರ ಬಂತು. ಆಶಾನ್ ಎಂದರೆ ಆ ಕಡೆ ಮೇಳ, ಆಟ ಕಲಿಸುವ ಗುರು. ಮೇಳದವನು ಎದೆಗೆ ಎಂತ ಮದ್ದು ಮಾಡಿಯಾನು ಎಂದು ನಾನು ಹೀಯಾಳಿಸಿದೆ. ಅದಕ್ಕಿಂತ ಹೆಚ್ಚಿನ ತೊಡಕು ವಾಸುದೇವನ ಮನೆಯಲ್ಲಿ ಉಳಿಯುವುದು. ಅವನಿಗೆ ಕೂಡುವ ಲೆಕ್ಕ ಕಳೆಯುವ ಲೆಕ್ಕ ಬೆರಳು ಹಿಡಿದು ಕಲಿಸಿದವನು ನಾನು. ಈಗ ಅವನ ಮನೆಯಲ್ಲಿ ನಾನು ಕೆಮ್ಮುತ್ತ ಕೂರಬೇಕು.

ಹೋದೆ. ರೈಲಿನ ಹೊಗೆ ಕೊಲ್ಲಂವರೆಗೂ ಕಣ್ಣು ಮೂಗು ಉರಿಸಿತು.

ಆಶಾನರ ಜಾಗ ಒಂದು ಪಾತ್ರೆ ಅಂಗಡಿಯ ಹಿಂದಿನ ಉದ್ದ ಜಗಲಿ. ಬೆಳಿಗ್ಗೆ ಆರಕ್ಕೆ ಏಳೆಂಟು ಜನ ಚಾಪೆ ಹಾಸಿಕೊಂಡು ಕೂರುತ್ತಿದ್ದರು. ಆಶಾನರ ಹೆಸರು ಅಪ್ಪುಕುಟ್ಟನ್. ಅರವತ್ತರ ಹತ್ತಿರದ ಬಡಕಲು ಮನುಷ್ಯ, ಎಡಗಡೆಯ ಭುಜ ಕುಸಿದು ಎದೆ ಆ ಕಡೆ ಒಳಗೆ ಹೋಗಿತ್ತು. ಇವರಿಗೇ ಹೀಗಿರುವಾಗ ನನಗೇನು ಕೊಟ್ಟಾರು ಎಂದುಕೊಂಡೆ. ಅವರು ನನ್ನ ರೋಗ ಕೇಳಲಿಲ್ಲ. ಹೆಸರು, ಊರು, ಕೆಲಸ ಒಂದೇ ಉಸಿರಿಗೆ ಹೇಳಿ ಎಂದರು. ಹೇಳಿದೆ. ಅವರು ನನ್ನ ಮುಖ ನೋಡುತ್ತಿರಲಿಲ್ಲ, ಕತ್ತಿನ ಗುಳಿ ನೋಡುತ್ತಿದ್ದರು.

"ಬಾಯಿ ತೆರೆಯುವ ಮೊದಲು ನೀವು ಉಸಿರು ಹಿಡಿದಿರಿ," ಎಂದರು. "ಯಾರು ಕಲಿಸಿದ್ದು ಇದನ್ನು?"

ನನಗೆ ಖುಷಿಯೇ ಆಯಿತು. ಗೋದಾಮಿನ ಕಟ್ಟಳೆ, ಎರಡು ಚಪ್ಪಾಳೆ, ಮೂರು ಮೂಟೆಯ ಸಾಹಸ ಎಲ್ಲ ವಿವರವಾಗಿ ಹೇಳಿದೆ. ಅವರು ನಗಲೂ ಇಲ್ಲ, ಭಲೇ ಎನ್ನಲೂ ಇಲ್ಲ. ಚಪ್ಪಾಳೆ ತಟ್ಟುವವನು ನಿಮ್ಮೊಳಗೇ ಒಬ್ಬನಿದ್ದಾನೆ, ಅವನು ಸಂಜೆ ಮನೆಗೆ ಹೋಗುವುದಿಲ್ಲ ಎಂದರು. ಆ ದಿನವಿಡೀ ನಾನು ನನ್ನನ್ನೇ ಕಾವಲು ಕಾದೆ. ಚಪ್ಪಲಿ ಹಾಕಲು ಬಗ್ಗುವಾಗ ಹಿಡಿದೆ. ವಾಸುದೇವನ ಮಾತಿಗೆ ಉತ್ತರ ಕೊಡುವ ಮೊದಲು ಹಿಡಿದೆ. ಸುಮತಿಯ ಕಾಗದ ಒಡೆಯುವಾಗ ಹಿಡಿದೆ. ಧೂಳೇ ಇಲ್ಲದ ಕಡೆ ಧೂಳಿಗೆ ಹೆದರಿ ಬದುಕುತ್ತಿದ್ದೆ.

ಈ ಕಸರತ್ತು ಎಲ್ಲಿಂದ ಬಂತು ಎಂಬುದನ್ನು ಆಶಾನ್ ಒಂದೇ ಸಲಕ್ಕೆ ಹೇಳಿದವರಲ್ಲ. ಚಾಪೆ ಮಡಚುವಾಗ ಒಂದು ಮಾತು, ಚಹಾ ಕುಡಿಯುವಾಗ ಒಂದು ಮಾತು, ಹಾಗೆ ನಾನು ಕೂಡಿಸಿಕೊಂಡದ್ದು. ಅವರು ದೇವಸ್ಥಾನದ ಮೇಳದಲ್ಲಿ ಕೊಂಬು ಊದುವವರು. ಆ ಬಾಗಿದ ಕೊಂಬಿಗೆ ತೂತುಗಳಿಲ್ಲ, ಬೆರಳಿಗೆ ಕೆಲಸವಿಲ್ಲ, ಇರುವುದೆಲ್ಲ ತುಟಿ ಮತ್ತು ಉಸಿರು. ನಡುಪ್ರಾಯದಲ್ಲಿ ಕ್ಷಯ ಹಿಡಿಯಿತು. ಆಸ್ಪತ್ರೆಯಲ್ಲಿ ಎಡಗಡೆಯ ಕೆಲವು ಪಕ್ಕೆಲುಬು ತೆಗೆದರು. ಊದುವುದು ಬಿಡಿ, ಜೋರಾಗಿ ಮಾತಾಡಲೂ ಬೇಡ ಎಂದರು. ಹನ್ನೊಂದನೇ ನಂಬರಿನ ಮಂಚದಲ್ಲಿ ಎರಡು ವರ್ಷ ಮಲಗಿದ್ದರು. ಅಲ್ಲಿ ಮರಿಯಮ್ಮ ಎಂಬ ನರ್ಸು ಆಪರೇಶನ್ ಆದವರನ್ನು ಮಗ್ಗುಲಿಗೆ ಮಲಗಿಸಿ, ಪಕ್ಕೆಯ ಮೇಲೆ ಅವರದೇ ಕೈ ಇಡಿಸಿ, ನಿಧಾನಕ್ಕೆ ಉಸಿರು ಬಿಡಿಸುತ್ತಿದ್ದಳು. ಎಲ್ಲರೂ ಅದನ್ನು ಶಿಕ್ಷೆಯ ಹಾಗೆ ಮಾಡಿ ಮುಗಿಸುತ್ತಿದ್ದರು. ಇವರಿಗೆ ಮಾತ್ರ ಅದು ಕೊಂಬಿನ ಪಾಠದ ಹಾಗೆ ಕೇಳಿಸಿತು. ಕೊಂಬು ಊದುವವನು ಉಸಿರು ಎಳೆಯುವುದನ್ನು ಯೋಚಿಸುವುದಿಲ್ಲ. ಪೂರ್ತಿ ಕೊಟ್ಟುಬಿಡುತ್ತಾನೆ, ಬರುವುದು ತಾನೇ ಬರುತ್ತದೆ. ಕೈಯಲ್ಲಿ ಕೊಂಬಿಲ್ಲದೆ, ತುಟಿ ಮುಚ್ಚಿ, ಮೂಗಿನಲ್ಲಿ ಸಣ್ಣಗೆ ಗುಂಯ್ ಎನ್ನುತ್ತ ಬಿಡಲು ಶುರುಮಾಡಿದರು. ಅದರ ಜತೆ ತೋಳು ಎತ್ತುವುದು, ಮಗ್ಗುಲು ಹೊರಳುವುದು, ಬೆನ್ನು ಬಾಗಿಸುವುದು ಒಂದೊಂದಾಗಿ ಸೇರಿಕೊಂಡಿತು.

ಯಾರೋ ಒಂದು ದಿನ ಇದು ಯಾವ ಋಷಿಯ ಪದ್ಧತಿ ಆಶಾನ್ ಎಂದು ಕೇಳಿದರು. "ಋಷಿ ಇಲ್ಲ, ತಾಳೆಗರಿಯೂ ಇಲ್ಲ," ಎಂದರು. "ಹನ್ನೊಂದನೇ ಮಂಚದಿಂದ ಬಂದದ್ದು. ಅರ್ಧ ಮರಿಯಮ್ಮನದು, ಅರ್ಧ ಕೊಂಬಿನದು."

ಅವರ ನೇಮಗಳು ಕೆಲವೇ. ಮೊದಲು ಬಿಡುವುದು, ಆಮೇಲೆ ಬರುವುದು. ಬಾಡಿಗೆ ಮನೆ ಖಾಲಿ ಮಾಡಿಕೊಡಿ, ಬರುವವರು ತಾವೇ ಬರುತ್ತಾರೆ ಎನ್ನುತ್ತಿದ್ದರು. ಯಾವುದಕ್ಕೂ ಅರ್ಧ ಶಕ್ತಿ ಮಾತ್ರ, ಇನ್ನೊಂದು ಸಲ ಮಾಡುವ ಆಸೆ ಇರುವಾಗಲೇ ನಿಲ್ಲಿಸಬೇಕು. ಕಣ್ಣು ಮುಚ್ಚಬಾರದು, ಕಣ್ಣು ಮುಚ್ಚಿದರೆ ಭಯಕ್ಕೆ ಜಾಗ ಸಿಗುತ್ತದೆ. ಗೋಡೆಯ ಮೇಲೆ ಒಂದು ಇರುವೆಯೋ ಒಂದು ಮೊಳೆಯೋ, ಏನಾದರೂ ಸಣ್ಣದನ್ನು ನೋಡುತ್ತಿರಬೇಕು. ಕೂರಲು ಆಗದಷ್ಟು ಚಡಪಡಿಕೆ ಬಂದರೆ ಅದರ ಜತೆ ಜಗಳ ಬೇಡ, ಎದ್ದು ನಡೆಯಿರಿ, ನಾಲ್ಕು ಹೆಜ್ಜೆಗೆ ಬಿಡಿ, ಎರಡು ಹೆಜ್ಜೆಗೆ ಬರಲಿ. ಈ ಕೊನೆಯದ್ದು ನನಗಾಗಿಯೇ ಮಾಡಿದ ಹಾಗಿತ್ತು. ಚಾಲದಿಂದ ವಾಸುದೇವನ ಮನೆಯವರೆಗೆ ಹಾಗೆಯೇ ನಡೆಯುತ್ತಿದ್ದೆ, ದಾರಿಯ ತರಕಾರಿಯವರು ನನ್ನನ್ನು ಹರಕೆ ಹೊತ್ತವನೆಂದು ತಿಳಿದಿರಬೇಕು.

ಇನ್ನೊಂದು ನೇಮ ಮಾತ್ರ ನನಗೆ ನುಂಗಲಾಗಲಿಲ್ಲ. ಎಣಿಸುವುದು ಮಾಡುವವನ ಕೆಲಸ ಅಲ್ಲ. ಪಕ್ಕದಲ್ಲಿ ಇನ್ನೊಬ್ಬರು ಕೂತು, ಒಂದು ಉಸಿರು ಬಿಟ್ಟು ಮುಗಿಯುವವರೆಗೆ ಎಣಿಸಬೇಕು. ತನ್ನ ಉಸಿರನ್ನು ತಾನೇ ಎಣಿಸುವವನು ಅದರ ಜತೆ ಪಂದ್ಯಕ್ಕೆ ಇಳಿಯುತ್ತಾನೆ ಎಂಬುದು ಅವರ ಮಾತು. ಆಸ್ಪತ್ರೆಯಲ್ಲಿ ಹನ್ನೆರಡನೇ ಮಂಚದ ಶಾಲಾಮಾಸ್ತರರೊಬ್ಬರು ಆಶಾನರಿಗೆ ಎಣಿಸುತ್ತಿದ್ದರಂತೆ. ಆಶಾನರ ಉಸಿರು ಮೂರರಿಂದ ಶುರುವಾಗಿ ಹದಿನಾರಕ್ಕೆ ಮುಟ್ಟಿದ್ದು ಆ ಮಾಸ್ತರರ ಬಾಯಲ್ಲಿ. ಅವರು ಮನೆಗೆ ಹೋದರೇ ಎಂದು ನಾನು ಕೇಳಿದೆ. ಆಶಾನ್ ಚಾಪೆಯ ಅಂಚು ಸರಿಮಾಡಿದರು. ಇಲ್ಲ ಎಂದರು.

ಜಗಲಿಯಲ್ಲಿ ನನಗೆ ಜೋಡಿಯಾದವನು ಒಬ್ಬ ಬಸ್ ಕಂಡಕ್ಟರು. ಟಿಕೆಟು ಕೊಡುವ ದನಿಯಲ್ಲೇ ಎಣಿಸುತ್ತಿದ್ದ. ಮೊದಲ ದಿನ ನನ್ನದು ನಾಲ್ಕು. ಮೂರು ವಾರದಲ್ಲಿ ಆರು. ಆದರೆ ಅದು ಬೆಳಗಿನ ಮಾತು. ಸಂಜೆ ಮನೆಯಲ್ಲಿಯೂ ಮಾಡಬೇಕಿತ್ತು. ಒಂದು ದಿನ ವಾಸುದೇವ ಆಫೀಸಿನಿಂದ ಬಂದವನು ಅಂಗಿಯ ಗುಂಡಿ ಬಿಚ್ಚುತ್ತ ಬಾಗಿಲಲ್ಲಿ ನಿಂತು, "ಭಾವ, ನಾನು ಎಣಿಸ್ಲಾ?" ಎಂದು ಕೇಳಿದ. ಬೇಡ, ನನಗೆ ಎಣಿಸಲು ಬರುತ್ತದೆ ಎಂದೆ. ಅವನು ಒಳಗೆ ಹೋದ. ನಾನು ಮರೆತ ಮಾತುಗಳು ಬಹಳ ಇವೆ, ಇದು ಮರೆತಿಲ್ಲ.

ಮಾರ್ಚ್ ಮೊದಲಿಗೆ ಕೊಚ್ಚಿಗೆ ಮರಳಿದೆ. ರಜೆಯಲ್ಲಿ ನಾಲ್ಕು ವಾರ ಉಳಿದಿತ್ತು. ಇಲ್ಲಿಂದ ನನ್ನ ತಪ್ಪು ಶುರು. ನಾನು ಕೆಲಸಗಾರ. ಆಶಾನ್ ಹೇಳಿದ ಹಾಗೆ ಹೊತ್ತಿಗೆ ಎಂಟು ಸಲ ಮಾಡಿದರೆ ಇಷ್ಟು ಗುಣ ಎಂದರೆ ಎಂಬತ್ತು ಸಲ ಮಾಡಿದರೆ ಹತ್ತು ಪಾಲು ಬೇಗ ಗುಣ ಎಂಬುದು ನನ್ನ ಲೆಕ್ಕ. ಗೋದಾಮಿನಲ್ಲಿ ಎಲ್ಲ ಕೆಲಸವೂ ಹಾಗೆಯೇ ಆಗುವುದು. ಅರ್ಧ ಶಕ್ತಿ ಎಂಬ ಮಾತು ಸೋಮಾರಿಗಳಿಗೆ ಇರಬೇಕು ಎಂದುಕೊಂಡೆ. ಹಿತ್ತಿಲ ಜಗಲಿಯಲ್ಲಿ ಬಾಗಿಲು ಹಾಕಿಕೊಂಡು, ನಾನೇ ಎಣಿಸಿಕೊಂಡು, ಬೆಳಿಗ್ಗೆ ಎಂಬತ್ತು ಸಂಜೆ ಎಂಬತ್ತು. ಆರು ಇದ್ದದ್ದನ್ನು ಎಂಟಕ್ಕೆ ಎಳೆದೆ, ಹತ್ತಕ್ಕೆ ಎಳೆದೆ. ಕಣ್ಣು ಕತ್ತಲೆ ಬಂದರೂ ನಿಲ್ಲಿಸಲಿಲ್ಲ. ಬಾಗಿಲ ಆಚೆ ಸುಮತಿಯ ಹೆಜ್ಜೆ ಬಂದು ನಿಂತು ಹೋಗುವುದು ಕೇಳುತ್ತಿತ್ತು. ಮಗಳು ಉಷಾ ಅಮ್ಮನನ್ನು ಮಲಯಾಳದಲ್ಲಿ ಕೇಳಿದಳು, ಅಪ್ಪ ಒಳಗೆ ಯಾರ ಜತೆ ಜಗಳ ಮಾಡುತ್ತಿದ್ದಾರೆ ಎಂದು.

ಒಂಬತ್ತನೇ ದಿನ ಬಿದ್ದೆ. ಗೋದಾಮಿನಲ್ಲಿ ಬಿದ್ದದ್ದಕ್ಕಿಂತ ಕೆಟ್ಟದಾಗಿ. ಬಾಗಿಲಿನ ಚಿಲಕ ಒಳಗಿನಿಂದ ಹಾಕಿದ್ದೆ, ಸುಮತಿ ಮೆಟ್ಟುಕತ್ತಿಯಿಂದ ಕೊಂಡಿ ಕಿತ್ತಳು. ಇಂಜೆಕ್ಷನ್ ಕೊಟ್ಟ ಡಾಕ್ಟರು ಹೋದ ಮೇಲೆ ಮಧ್ಯಾಹ್ನ ನಾವಿಬ್ಬರೇ ಇದ್ದೆವು. ನನಗೆ ಮಾತಾಡುವಷ್ಟು ಉಸಿರಿಲ್ಲ, ಹಾಗಾಗಿ ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಅಲ್ಲಿ ಎಂತ ಹೇಳಿಕೊಟ್ಟರು, ಎಲ್ಲ ಹೇಳಿ ಎಂದಳು. ತುಂಡು ತುಂಡಾಗಿ ಹೇಳಿದೆ. ಎಣಿಸಲು ಇನ್ನೊಬ್ಬರು ಬೇಕೆಂಬಲ್ಲಿಗೆ ಬಂದಾಗ ನಿಲ್ಲಿಸಿದೆ. ಅವಳು ಕಿತ್ತುಹೋದ ಕೊಂಡಿಯನ್ನು ಹೆಕ್ಕಿ ಮಡಿಲಲ್ಲಿಟ್ಟುಕೊಂಡಳು.

"ನಾನು ಎಣಿಸ್ತಾ ಇದ್ದೆ," ಎಂದಳು. "ನಾಲ್ಕೈದು ವರ್ಷದಿಂದ. ನೀವು ಗೋಡೆಗೆ ಒರಗಿ ಕೂತು ಉಸಿರು ಹಿಡಿದುಬಿಡ್ತಿದ್ರಿ. ಬಿಡುವವರೆಗೆ ನಾನು ಆಚೆ ಮಗ್ಗುಲಾಗಿ ಎಣಿಸುದು. ಒಮ್ಮೆ ಇಪ್ಪತ್ತೆರಡು ಆಯ್ತು. ಅವತ್ತು ನಾನು ಎದ್ದು ಕೂತೆ. ನೀವು ಸೆಕೆ ಅಂದ್ರಿ."

ನಾನು ಗೋಡೆಯ ಕಡೆ ತಿರುಗಿದೆ. ಅವಳೇ ಮುಂದುವರಿಸಿದಳು.

"ನನಗೆ ನೂರರವರೆಗೆ ಬರ್ತದೆ ಮಾರಾಯ್ರೆ. ನಿಮಗೆ ಆರಕ್ಕೆ ಸಾಕಲ್ಲ?"

ಮೂರು ದಿನ ನಾನು ಸುಮ್ಮನೆ ಮಲಗಿದೆ, ನಾಲ್ಕನೇ ದಿನದಿಂದ ಅವಳು ಎಣಿಸಿದಳು. ನಾನು ಮಗ್ಗುಲಿಗೆ ಮಲಗುವುದು, ಪಕ್ಕೆಯ ಮೇಲೆ ನನ್ನ ಕೈ, ನನ್ನ ಕೈಯ ಮೇಲೆ ಒಮ್ಮೊಮ್ಮೆ ಅವಳ ಕೈ. ಗೋಡೆಯಲ್ಲಿ ಕ್ಯಾಲೆಂಡರಿನ ಮೊಳೆ ನೋಡುತ್ತಿದ್ದೆ. ಮೊದಲ ದಿನ ಮೂರಕ್ಕೆ ಇಳಿದಿತ್ತು. ಅವಳು ಮೂರು ಎಂದು ಹೇಳಿದ ರೀತಿಯಲ್ಲಿ ಸೋಲೂ ಇರಲಿಲ್ಲ, ಗೆಲುವೂ ಇರಲಿಲ್ಲ, ಅಕ್ಕಿಯ ಸೇರು ಅಳೆದ ಹಾಗೆ ಹೇಳಿದಳು. ಎಂಟು ಸಲ ಆದ ಕೂಡಲೇ ಸೆರಗು ಕೊಡವಿ ಎದ್ದುಬಿಡುತ್ತಿದ್ದಳು. ಇನ್ನೊಮ್ಮೆ ಎಂದರೆ ಒಲೆಯಲ್ಲಿ ಅನ್ನ ಇದೆ ಎನ್ನುತ್ತಿದ್ದಳು. ಆಶಾನರ ನೇಮಗಳನ್ನು ಅವಳಷ್ಟು ಚೆನ್ನಾಗಿ ನಾನು ಯಾವತ್ತೂ ಪಾಲಿಸಲಿಲ್ಲ. ಅವಳಿಗೆ ಸಿಟ್ಟು ಬಂದ ದಿನ ಮಾತ್ರ ಬೇಗ ಬೇಗ ಎಣಿಸಿ ನನ್ನನ್ನು ಹನ್ನೆರಡಕ್ಕೆ ಮುಟ್ಟಿಸುತ್ತಿದ್ದಳು. ಅದನ್ನು ನಾವು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ರಜೆ ಮುಗಿದ ದಿನ ಗೋದಾಮಿಗೆ ಹೋದೆ. ಏಳು ಇತ್ತು ಆಗ ನನ್ನ ಎಣಿಕೆ. ಜೇಬಿನಲ್ಲಿ ಗುಳಿಗೆಯೂ ಇತ್ತು. ಎಲ್ಲರೂ ಹಳೆಯ ಮೇಸ್ತ್ರಿ ಬಂದ ಎಂದು ಸಂಭ್ರಮದಿಂದ ಮಾತಾಡಿಸಿದರು. ಮಾಲಿಕರು ಗಾದಿಯಿಂದಲೇ ಕೈ ಎತ್ತಿದರು, ಅವರು ನೋಡುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಮೊದಲ ಮೂಟೆ ಬಿಚ್ಚಿದರು. ಎರಡು ಚಪ್ಪಾಳೆ ಬಿತ್ತು. ನಾನು ಯೋಚಿಸುವ ಮೊದಲೇ ನನ್ನ ಎದೆ ಬಿಗಿಯಿತು. ಹದಿನೆಂಟು ವರ್ಷದ ಅಭ್ಯಾಸ, ಅದು ನನ್ನ ಅಪ್ಪಣೆ ಕೇಳುವುದಿಲ್ಲ. ಬಿಸಿಲಕೋಲು ಪೂರ್ತಿ ಮಂಜಾಯಿತು. ಮೂವತ್ತು ಜನ ಕೆನ್ನೆ ಉಬ್ಬಿಸಿ ನಿಂತಿದ್ದಾರೆ, ಅವರ ಕಣ್ಣೆಲ್ಲ ನನ್ನ ಮೇಲೆ, ಈ ಸಲವೂ ಮೇಸ್ತ್ರಿಯೇ ಕೊನೆಯವನೋ ಎಂದು. ಹಿಡಿದು ನಿಂತರೆ ಇವತ್ತು ಗೆಲ್ಲುತ್ತೇನೆ. ನಾಳೆಯೂ ಗೆಲ್ಲಬಹುದು. ಆಮೇಲೊಂದು ದಿನ ಔಸೇಪ ಮತ್ತೆ ಹೆಗಲ ಮೇಲೆ ಹಾಕಿಕೊಳ್ಳಬೇಕು, ಇಲ್ಲವೇ ಸುಮತಿಯ ಎಣಿಕೆ ಇಪ್ಪತ್ತೆರಡು ದಾಟಿ ಎಲ್ಲಿಯೋ ನಿಲ್ಲಬೇಕು.

ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು, ತುಟಿ ಮುಚ್ಚಿ, ಗುಂಯ್ ಎಂದು ಬಿಟ್ಟೆ. ಎಲ್ಲರಿಗೂ ಕೇಳುವ ಹಾಗೆ. ಎಲ್ಲರಿಗಿಂತ ಮೊದಲು. ಬಿಡುತ್ತ ಬಿಡುತ್ತ, ನಾಲ್ಕು ಹೆಜ್ಜೆಗೆ ಒಂದು, ಬಾಗಿಲು ದಾಟಿ ದೋಣಿಕಟ್ಟೆಯ ಗಾಳಿಗೆ ಬಂದು ನಿಂತೆ.

ಒಳಗೆ ಯಾರೋ ನಕ್ಕರು. ಇನ್ನೊಬ್ಬ ಜೇನುಹುಳ ಹಾರಿಹೋಯಿತು ಎಂದ. ಔಸೇಪ ಹಿಂದೆಯೇ ಬಂದ, ಅವನ ಕಣ್ಣು ಮೂಗು ಸುರಿಯುತ್ತಿತ್ತು. ಅಂಗೈಯಿಂದ ಮುಖ ಒರೆಸಿಕೊಂಡ. ಆಮೇಲೆ ಅವನು ಮೆಲ್ಲಗೆ ಹೇಳಿದ: "ಇಷ್ಟು ವರ್ಷ ನೀವು ಬಿಡಲಿ ಅಂತ ಕಾಯ್ತಾ ನಾನೂ ಸತ್ತು ಸತ್ತು ನಿಂತಿದ್ದೆ, ಮೇಸ್ತ್ರಿ."

ಆ ದಿನವೇ ಮಾಲಿಕರ ಹತ್ತಿರ ಹೋಗಿ ನಾನೇ ಕೇಳಿದೆ. ರಾಶಿಯ ಕೆಲಸ ಔಸೇಪನಿಗೆ ಕೊಡಿ, ನನ್ನನ್ನು ಬಾಗಿಲ ಬಳಿ ಹೊಲಿಗೆಗೆ ಮತ್ತು ಮಾಲು ನೋಡುವುದಕ್ಕೆ ಹಾಕಿ ಎಂದೆ. ಇನ್ನೊಂದು ಮಾತೂ ಹೇಳಿದೆ: ಚಪ್ಪಾಳೆ ಬಿದ್ದರೆ ಜನ ಉಸಿರು ಹಿಡಿಯುವುದು ಬೇಡ, ಹೊರಗೆ ಬರಲಿ, ಧೂಳು ಕೂತ ಮೇಲೆ ಒಳಗೆ ಹೋಗಲಿ. ಹೊತ್ತು ಹಾಳಾಗುತ್ತದೆ ಎಂದು ಅವರು ತಲೆ ಕೆರೆದುಕೊಂಡರು. ಒಂದು ವಾರ ನೋಡೋಣ ಎಂದರು. ಅವರ 'ನೋಡೋಣ'ಕ್ಕೆ ಈ ಸಲ ನಾನು ಉಸಿರು ಹಿಡಿಯಲಿಲ್ಲ. ಈಗ ಹೆಚ್ಚಿನವರು ಹೊರಗೆ ಬರುತ್ತಾರೆ. ಹೊಸಬರು 'ಗಂಡು' ಎನಿಸಿಕೊಳ್ಳಲು ಒಳಗೇ ನಿಲ್ಲುವುದೂ ಉಂಟು. ನಾನು ಹೋಗಿ ರಟ್ಟೆ ಹಿಡಿದು ಎಳೆದು ತರುತ್ತೇನೆ, ಬೈದುಕೊಳ್ಳುತ್ತಾರೆ.

ದಮ್ಮು ಹೋಗಿಲ್ಲ. ಇದನ್ನು ಓದುವವರಲ್ಲಿ ಎದೆಯ ಸದ್ದನ್ನು ಶೀತವೆಂದು ಹೇಳಿಕೊಂಡು ತಿರುಗುವವರು ಇರಬಹುದು, ಅವರಿಗೆ ನಾನು ಸುಳ್ಳು ಆಸೆ ಹಚ್ಚುವುದಿಲ್ಲ. ಕಸರತ್ತು ಮಾಡುವೆನೆಂದು ಡಾಕ್ಟರ ಗುಳಿಗೆ ಬಿಡಬೇಡಿ, ನಾನೂ ಬಿಟ್ಟಿಲ್ಲ. ಮಳೆಗಾಲದ ಮೊದಲಲ್ಲಿ, ಹೊಸ ಮೆಣಸು ಬರುವಾಗ ಅದು ಬಂದೇ ಬರುತ್ತದೆ. ಚಡಪಡಿಕೆಯೂ ಪೂರ್ತಿ ಹೋಗಿಲ್ಲ, ಇದನ್ನು ಬರೆಯಲು ಕೂತಲ್ಲಿಂದ ಎಷ್ಟು ಸಲ ಎದ್ದು ಹೋದೆ ಎಂಬುದು ಸುಮತಿಗೆ ಗೊತ್ತು. ಆಶಾನ್ ಕಳೆದ ವರ್ಷ ತೀರಿಕೊಂಡರು. ವಾಸುದೇವ ಕಾಗದ ಬರೆದು ತಿಳಿಸಿದ. ಅವನಿಗೆ ಬೆಂಗಳೂರಿಗೆ ವರ್ಗವಾಗಿದೆ, ಹೋಗುವ ದಾರಿಯಲ್ಲಿ ಎರಡು ದಿನ ನಮ್ಮಲ್ಲಿ ಉಳಿದಿದ್ದ. ಒಂದು ಸಂಜೆ ಸುಮತಿ ಅಂಗಡಿಗೆ ಹೋಗಿದ್ದಾಗ, ನೀನು ಎಣಿಸು ಎಂದು ನಾನೇ ಅವನಿಗೆ ಹೇಳಿದೆ. ಎಣಿಸಿದ. ಮಧ್ಯದಲ್ಲಿ ಅವನ ಲೆಕ್ಕ ತಪ್ಪಿತು. ನಾನು ತಿದ್ದಲಿಲ್ಲ.

ಇದು 1978. ಈಗ ನನಗೆ ಇರುವುದು ಇಷ್ಟು: ನಲವತ್ತಮೂರು ವರ್ಷ ಪ್ರಾಯ. ದಿನಕ್ಕೆ ಎರಡು ಗುಳಿಗೆ, ಮೊದಲು ನಾಲ್ಕಿತ್ತು. ಬಾಗಿಲ ಬಳಿ ಒಂದು ಸ್ಟೂಲು, ಒಂದು ದಬ್ಬಣ. ತಾನೇ ಮೇಸ್ತ್ರಿಯಾದ ಮೇಲೂ ನನ್ನನ್ನು ಮೇಸ್ತ್ರಿ ಎಂದೇ ಕರೆಯುವ ಒಬ್ಬ ಔಸೇಪ. ಕೊಂಡಿ ಇಲ್ಲದ ಒಂದು ಬಾಗಿಲು. ಮಗಳು ಒಬ್ಬಳು, ಹೆಂಡತಿ ಒಬ್ಬಳು. ಇವತ್ತು ಬೆಳಿಗ್ಗೆ ಅವಳ ಎಣಿಕೆಯಲ್ಲಿ ಒಂಬತ್ತು.